ಎರಡು ಲೋಟದ ಎಲೆ

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಸಾಗರದ ತಾಲ್ಲೂಕು ಕಚೇರಿಯ ಎದುರು ಸಾಲಿನ ಅಷ್ಟೂ ಅಂಗಡಿಯವರು ಹೇಳುತ್ತಾರೆ. ಹೇಳಲಿ ಬಿಡಿ. ಜೆರಾಕ್ಸು, ಪಹಣಿ, ಜಾತಿ ಸರ್ಟಿಫಿಕೇಟು, ಆನ್‌ಲೈನ್ ಅರ್ಜಿ ಎಂದು ಬೆಳಗಿನಿಂದ ಜನ ಬಂದು "ಅಕ್ಕಾ, ಸರ್ವರ್ ಬಂತಾ?" ಎಂದು ಕೇಳುವ ಜಾಗದಲ್ಲಿ ಅವರು ಒಂದು ದಿನ ಕೂತು ನೋಡಲಿ, ಆಮೇಲೆ ಮಾತಾಡೋಣ. ಗಂಡ ತೀರಿಕೊಂಡ ಮೇಲೆ ಎಂಟು ವರ್ಷದಿಂದ ಆ ಅಂಗಡಿಯನ್ನು ನಾನೊಬ್ಬಳೇ ನಡೆಸಿಕೊಂಡು ಬಂದಿದ್ದೇನೆ. ಮಗಳನ್ನು ಕೌಂಟರಿನ ಹಿಂದೆಯೇ ಕೂರಿಸಿಕೊಂಡು ಓದಿಸಿ ದೊಡ್ಡವಳನ್ನಾಗಿ ಮಾಡಿದ್ದೇನೆ. ಯಾರ ಮುಂದೆಯೂ ಕೈಕಟ್ಟಿ ನಿಂತವಳಲ್ಲ. ಅಂಥ ನಾನು ಹೋದ ವರ್ಷ ಒಂದು ಶುಕ್ರವಾರ ಮಧ್ಯಾಹ್ನ, ಬಣ್ಣದ ಎಲೆಗಳ ಒಂದು ಕಟ್ಟಿನ ಮುಂದೆ ಕಣ್ಣು ಮುಚ್ಚಿಕೊಂಡು ಕೂತಿದ್ದೆ.

ಆ ಎಲೆಗಳು ಮಗಳವು. ಕೊರಿಯರಿನಲ್ಲಿ ಬಂದ ಡಬ್ಬಿಯನ್ನು ಬಿಚ್ಚಿದವಳು ನಾನೇ. ಒಳಗಿದ್ದದ್ದು ಕಂಡದ್ದೇ ತಡ, ನನ್ನ ತಲೆ ಕೆಟ್ಟಿತು.

"ಎಂತದೇ ಇದು? ಇಸ್ಪೀಟಾ? ಅಜ್ಜನ ಚಾಳಿ ನಿಂಗೂ ಹತ್ತಿತಾ?"

"ಇಸ್ಪೀಟಲ್ಲಮ್ಮ, ಟ್ಯಾರೋ. ಏನ್ ಮಾಡ್ಬೇಕು ಅಂತ ತಿಳೀದೇ ಇದ್ದಾಗ ಎಲೆ ತೆಗ್ದು ನೋಡೋದು."

"ತಿಳೀದೇ ಇದ್ರೆ ದೊಡ್ಡೋರನ್ನ ಕೇಳ್ಬೇಕು."

"ದೊಡ್ಡೋರಿಗೂ ತಿಳೀದೇ ಇದ್ರೆ?"

ಡಿಗ್ರಿ ಎರಡನೇ ವರ್ಷದ ಹುಡುಗಿ, ಮಾತಿಗೇನು ಕಡಿಮೆ ಇಲ್ಲ. ನಾನು ಡಬ್ಬಿ ಅವಳ ಕೈಗೆ ತುರುಕಿ ಕೌಂಟರಿಗೆ ಹೋದೆ.

ಅಜ್ಜನ ಚಾಳಿ ಎಂದೆನಲ್ಲ, ಅದು ನನ್ನ ಅಪ್ಪನದು. ಹೊಸನಗರದಲ್ಲಿ ಮೇಷ್ಟ್ರಾಗಿದ್ದವರು. ಭಾನುವಾರ ಮಧ್ಯಾಹ್ನ ಊಟವಾದ ಮೇಲೆ ಜಗಲಿಯ ಮೇಲೆ ಚಾಪೆ ಹಾಸಿ ನಾಲ್ಕು ಜನ ಕೂತರೆಂದರೆ ಇಸ್ಪೀಟಿನ ಇಪ್ಪತ್ತೆಂಟರ ಆಟ ದೀಪ ಹಚ್ಚುವ ತನಕ ನಡೆಯುತ್ತಿತ್ತು. ಪಣಕ್ಕೆ ಇಡುತ್ತಿದ್ದದ್ದು ಹುಣಸೆ ಬೀಜ. ಆದರೆ ಜಗಳ ಮಾತ್ರ ತೋಟ ಪಾಲಾಗುವಾಗ ಆಗುವಷ್ಟೇ ಜೋರು! ಅಪ್ಪ ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು ಎಲ್ಲ ಕಳ್ಳಾಟಗಳನ್ನೂ ಹೇಳಿಕೊಟ್ಟಿದ್ದರು. ಆಡಲಿಕ್ಕಲ್ಲ, ಹಿಡಿಯಲಿಕ್ಕೆ. "ಎದುರಿಗಿರೋನ ಮುಖ ನೋಡ್ಬೇಡ, ಕಿರುಬೆರಳು ನೋಡು" ಎನ್ನುತ್ತಿದ್ದರು. ಬೇಕಾದ ಎಲೆಯನ್ನು ಕಟ್ಟಿನ ಅಡಿಗೆ ಸೇರಿಸಿ, ಎಷ್ಟು ಕಲಸಿದರೂ ಅದು ಜಾಗ ಬಿಡದ ಹಾಗೆ ಕಿರುಬೆರಳಲ್ಲಿ ಒತ್ತಿ ಹಿಡಿದು, ಸಮಯ ನೋಡಿ ಮೇಲಿನದರ ಬದಲು ಅದನ್ನೇ ಎಳೆಯುವುದು. ಅಡಿ ಎಲೆ ಎಳೆಯುವುದು ಎಂದು ಅದಕ್ಕೆ ಹೆಸರು.

ಮಗಳು ಮೊಬೈಲಿನಲ್ಲಿ ವಿಡಿಯೋ ನೋಡಿ ನೋಡಿ ಟ್ಯಾರೋ ಕಲಿತಳು. ತಿಂಗಳೊಳಗೆ ನನ್ನ ಅಂಗಡಿಯ ಒಳಕೋಣೆ ಅವಳ ಗೆಳತಿಯರ ಕಷ್ಟ ಸುಖದ ಕಚೇರಿಯಾಯಿತು. ನಾನು ಈಚೆ ಪ್ರಿಂಟು ತೆಗೆಯುತ್ತಾ ಒಂದು ಕಿವಿಯನ್ನು ಅಲ್ಲಿಟ್ಟಿರುತ್ತಿದ್ದೆ. ಒಬ್ಬಳಿಗೆ ನರ್ಸಿಂಗೋ ಬಿ.ಎಡ್ಡೋ ತೀರ್ಮಾನವಾಗದೆ ಊಟ ಸೇರುತ್ತಿರಲಿಲ್ಲ. ಮಗಳು ಎಲೆಗಳನ್ನು ಹರಡಿ, "ನೀನೇ ಒಂದು ತೆಗಿ. ಮುಂದೆ ಏನಾಗತ್ತೆ ಅಂತ ಇದು ಹೇಳಲ್ಲ. ಚಿತ್ರ ನೋಡಿದ್ ಕೂಡ್ಲೇ ನಿಂಗೆ ಏನನ್ನಿಸ್ತು, ಅದನ್ನ ಹೇಳು" ಎಂದಳು. ಆ ಹುಡುಗಿ ಎಲೆ ನೋಡಿ ಹತ್ತು ನಿಮಿಷ ಅತ್ತಳು. ಹೋಗುವಾಗ ನಗುತ್ತಿದ್ದಳು. ಮರುವಾರ ನನ್ನ ಅಂಗಡಿಯಲ್ಲೇ ನರ್ಸಿಂಗಿಗೆ ಅರ್ಜಿ ಹಾಕಿದಳು. ಪರವಾಗಿಲ್ಲವೇ ಎಂದುಕೊಂಡೆ. ಬಾಯಿಬಿಟ್ಟು ಹೇಳಲಿಲ್ಲ, ತಲೆ ಮೇಲೆ ಕೂತುಬಿಡುತ್ತಾಳೆ.

ಈಗ ಜೋಗದವರ ವಿಷಯ.

ಜೋಗದ ವಿದ್ಯುತ್ ಕೇಂದ್ರದಲ್ಲಿ ಕೆಲಸ ಮಾಡುವ ಒಬ್ಬರು ನನ್ನಲ್ಲಿಗೆ ಜೆರಾಕ್ಸಿಗೆ ಬರುತ್ತಿದ್ದರು. ಐವತ್ತರ ಆಸುಪಾಸು, ಹೆಂಡತಿ ತೀರಿಹೋಗಿ ಬಹಳ ವರ್ಷವಾಗಿತ್ತು, ಮಕ್ಕಳಿಲ್ಲ. ಮಾತು ಕಡಿಮೆ. ಬರುವುದು, ಆಧಾರ್ ಕಾರ್ಡು ಕೊಡುವುದು, ಎರಡು ಕಾಪಿ ತೆಗೆಸುವುದು, "ಸೆಕೆ ಜಾಸ್ತಿ ಅಲ್ವಾ?" ಅಥವಾ "ಮಳೆ ಹಿಡೀತು ಅಲ್ವಾ?" ಎನ್ನುವುದು, ಹೋಗುವುದು. ನಾಲ್ಕನೇ ಸಲ ನನಗೆ ತಡೆಯಲಾಗಲಿಲ್ಲ.

"ಅಲ್ಲ ಮಾರಾಯ್ರೇ, ಜೋಗದಲ್ಲಿ ಜೆರಾಕ್ಸ್ ಮಷೀನಿಲ್ವಾ? ಈ ಆಧಾರ್ ಕಾಪಿ ಎಲ್ಲ ಏನ್ ಮಾಡ್ತೀರಿ, ಗೋಡೆಗೆ ಅಂಟಿಸ್ತೀರಾ?"

ಅವರ ಮುಖ ಕೆಂಪಾಯಿತು. ಅಷ್ಟು ದೊಡ್ಡ ಗಂಡಸಿನ ಮುಖ ಹಾಗೆ ಕೆಂಪಾಗುವುದನ್ನು ನಾನು ನೋಡಿರಲೇ ಇಲ್ಲ. ನನಗೂ ಅರ್ಥವಾಯಿತು. ಆಮೇಲೆ ಅವರು ಕಾಗದವಿಲ್ಲದೆಯೇ ಬರತೊಡಗಿದರು. ಕೌಂಟರಿನ ಆಚೆ ನಿಂತು ಒಂದು ಲೋಟ ಟೀ ಕುಡಿದು ಹೋಗುವರು, ಅಷ್ಟೆ. ಅವರು ಬರುವ ದಿನ ಬೆಳಿಗ್ಗೆ ನಾನು ಎರಡು ಸೀರೆ ತೆಗೆದು ನೋಡುತ್ತಿದ್ದೆ ಎಂಬುದನ್ನೂ ಹೇಳಿಬಿಡುತ್ತೇನೆ, ಮುಚ್ಚಿಡುವುದೇನಿದೆ.

ಆ ವಾರ ಸೋಮವಾರ ಬಂದವರು ಒಂದು ಆರ್ಡರ್ ಕೊಟ್ಟು ಎರಡು ಕಾಪಿ ಎಂದರು. ತೆಗೆಯುತ್ತಾ ಓದಿದೆ. ಬಡ್ತಿ, ಜೊತೆಗೆ ರಾಯಚೂರಿನ ಕಡೆಗೆ ವರ್ಗ. ಶುಕ್ರವಾರ ಸಂಜೆ ನಾಲ್ಕರೊಳಗೆ ಒಪ್ಪಿಗೆಯನ್ನೋ ನಿರಾಕರಣೆಯನ್ನೋ ಬರೆದುಕೊಡಬೇಕು.

"ಒಂದು ಕಾಪಿ ನಿಮಗೇ" ಎಂದರು. "ನೀವು ಇರಿ ಅಂದ್ರೆ ಬಡ್ತಿ ಬೇಡ ಅಂತ ಬರ್ದುಕೊಡ್ತೀನಿ. ಮದುವೆ ಆಗಿ ಇಲ್ಲೇ ಇದ್ದುಬಿಡೋಣ. ಇಲ್ಲ ಅಂದ್ರೆ, ಬೇಜಾರಿಲ್ಲ, ಹೋಗ್ತೀನಿ."

ಇಷ್ಟು ಹೇಳಿ ಟೀ ಕೂಡ ಕುಡಿಯದೆ ಹೊರಟುಹೋದರು. ನಾನು ಆ ಕಾಪಿಯನ್ನು ಡ್ರಾಯರಿನಲ್ಲಿ ಸ್ಟೇಪ್ಲರಿನ ಅಡಿಗೆ ಸೇರಿಸಿದೆ.

ಬೇಕು ಎಂದು ಮನಸ್ಸು ಕುಣಿಯುತ್ತಿತ್ತು. ನಲವತ್ನಾಲ್ಕು ವರ್ಷದ ಹೆಂಗಸಿನ ಮನಸ್ಸು ಹೀಗೆ ಕುಣಿಯಬಹುದೇ ಎಂದು ನನಗೇ ನಾಚಿಕೆ. ಅಡ್ಡ ಬಂದದ್ದು ಮಗಳ ಯೋಚನೆ. ಅದಕ್ಕೆ ಎರಡು ವರ್ಷ ಮೊದಲು ತೀರ್ಥಹಳ್ಳಿಯಲ್ಲಿ ಗಂಡನ ಕಡೆಯವರ ಮದುವೆಗೆ ಹೋಗಿದ್ದೆವು. ಪಂಕ್ತಿಯಲ್ಲಿ ಕೂತಾಗ ಒಬ್ಬ ದೊಡ್ಡಮ್ಮ, "ಎಂತ ಮಾರಾಯ್ತಿ, ನಿಂಗೂ ಒಂದು ಗಂಡು ನೋಡನಾ?" ಎಂದರು. ಸಾಲೆಲ್ಲ ನಕ್ಕಿತು. ನಾನೂ ನಕ್ಕೆ. ಮಗಳು ಮಾತ್ರ ಅನ್ನ ಕಲಸಿದ ಕೈಯಲ್ಲೇ ಊಟ ಬಿಟ್ಟು ಎದ್ದು ಹೋದಳು. ಪಂಕ್ತಿ ಮಧ್ಯದಲ್ಲಿ ಏಳುವುದೆಂದರೆ ನಮ್ಮಲ್ಲಿ ಸಣ್ಣ ಮಾತೇ? ಆ ಮಾತನ್ನು ಆಮೇಲೆ ಅವಳೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಈ ಹುಡುಗಿಗೆ ಅಪ್ಪನ ಜಾಗಕ್ಕೆ ಇನ್ನೊಬ್ಬರು ಬರುವುದು ಸುತಾರಾಂ ಇಷ್ಟವಿಲ್ಲ ಎಂದು ನಾನು ಮನಸ್ಸಿನಲ್ಲೇ ಗಂಟು ಹಾಕಿಕೊಂಡುಬಿಟ್ಟಿದ್ದೆ.

ಇಂಥ ಹೊತ್ತಿನಲ್ಲಿ ನಮ್ಮ ಕಡೆಯವರು ದೇವಸ್ಥಾನಕ್ಕೆ ಹೋಗಿ ಪ್ರಸಾದ ಕೇಳುತ್ತಾರೆ. ದೇವರ ಬಲಗಡೆಯಿಂದ ಹೂ ಬಿದ್ದರೆ ಆಗಬಹುದು, ಎಡಗಡೆಯಿಂದ ಬಿದ್ದರೆ ಬೇಡ. ಆದರೆ ಪ್ರಸಾದ ಕೇಳಬೇಕಾದರೆ ಭಟ್ಟರಿಗೆ ವಿಷಯ ಹೇಳಬೇಕಲ್ಲ! ಅವರು ದೇವರ ಮುಂದೆ ಗಟ್ಟಿಯಾಗಿ ಪ್ರಾರ್ಥನೆ ಮಾಡುತ್ತಾರೆ. ಹಿಂದೆ ಹತ್ತು ಜನ ಕೈಮುಗಿದುಕೊಂಡು ಕಿವಿ ನಿಮಿರಿಸಿ ನಿಂತಿರುತ್ತಾರೆ. ಹೂ ಬೀಳುವ ಮೊದಲೇ ಸಾಗರದ ಬಸ್‌ಸ್ಟ್ಯಾಂಡಿನ ತನಕ ಸುದ್ದಿ ಮುಟ್ಟುತ್ತದೆ. ಜೆರಾಕ್ಸ್ ಅಕ್ಕನಿಗೆ ಮದುವೆಯಂತೆ! ಬಿಸಿ ತುಪ್ಪ ಬಾಯಲ್ಲಿಟ್ಟುಕೊಂಡ ಹಾಗಾಯಿತು, ನುಂಗಲೂ ಆಗದು, ಉಗುಳಲೂ ಆಗದು. ಮಂಗಳವಾರ ಹೋಯಿತು, ಬುಧವಾರ ಹೋಯಿತು, ಗುರುವಾರವೂ ಹೋಯಿತು.

ಶುಕ್ರವಾರ ಮಧ್ಯಾಹ್ನ ಜನ ಕರಗುವಾಗ ಮೂರು ದಾಟಿತ್ತು, ಊಟಕ್ಕೆಂದು ನಾನೂ ಮಗಳೂ ಶಟರ್ ಅರ್ಧ ಎಳೆದು ಕೂತಿದ್ದೆವು. ಊಟದ ಡಬ್ಬಿಯ ಮುಚ್ಚಳವನ್ನೂ ನಾನು ತೆಗೆದಿರಲಿಲ್ಲ. ಮಗಳು ಎಲೆಗಳ ಕಟ್ಟನ್ನು ನನ್ನ ಮುಂದಿಟ್ಟಳು.

"ಅಮ್ಮ, ನೀನೂ ಒಂದು ಸಲ ಕೇಳು."

"ನಂಗೆಂತ ಕೇಳೋದಿದೆ?"

"ಏನಾದ್ರೂ ಇರತ್ತೆ. ಬಾಯ್ಬಿಟ್ಟು ಹೇಳ್ಬೇಕಂತಿಲ್ಲ. ಮನಸ್ಸಲ್ಲೇ ಕೇಳು, ನಂಗೂ ಗೊತ್ತಾಗಲ್ಲ."

ಗೊತ್ತಾಗಲ್ಲ ಎಂದದ್ದೇ ನನಗೆ ಬೇಕಿತ್ತು. ಭಟ್ಟರಿಲ್ಲ, ಹಿಂದೆ ನಿಂತ ಹತ್ತು ಜನರಿಲ್ಲ. ಕಣ್ಣು ಮುಚ್ಚಿ ಕೇಳಿಯೇಬಿಟ್ಟೆ. ಅವರನ್ನು ಇರಿ ಅನ್ನಲಾ?

ಕಣ್ಣು ಬಿಟ್ಟಾಗ ಮಗಳು ಎಲೆ ಕಲಸುತ್ತಿದ್ದಳು. ಗೆಳತಿಯರಿಗಾದರೆ ಎಲೆ ಹರಡಿ ಅವರ ಕೈಯಲ್ಲೇ ತೆಗೆಸುತ್ತಿದ್ದವಳು, "ನಿಂಗೆ ನಾನೇ ತೆಗ್ದು ಕೊಡ್ತೀನಿ" ಎಂದಳು. ನನ್ನ ಕಣ್ಣು ಅಭ್ಯಾಸಬಲದಿಂದ ಅವಳ ಕೈಗೆ ಹೋಯಿತು. ಕಿರುಬೆರಳು ಮಡಚಿಕೊಂಡಿತ್ತು. ಮೇಲಿನ ಎಲೆಗಳೆಲ್ಲ ಹಿಂದೆ ಮುಂದೆ ಓಡುತ್ತಿದ್ದವು, ಅಡಿಯದು ಮಾತ್ರ ಕದಲುತ್ತಿರಲಿಲ್ಲ. ಮೇಲಿನ ಎಲೆ ತೆಗೆಯುವವಳ ಹಾಗೆ ಕೈ ಆಡಿಸಿ, ಅಡಿಯಿಂದ ಎಳೆದು ನನ್ನ ಮುಂದಿಟ್ಟಳು. ಒಬ್ಬ ಗಂಡು, ಒಬ್ಬ ಹೆಣ್ಣು, ಎದುರುಬದುರು ನಿಂತು ಒಂದೊಂದು ಲೋಟ ಹಿಡಿದಿದ್ದಾರೆ.

"ಅಯ್ಯೋ ನೋಡಮ್ಮ! ಎಷ್ಟು ಒಳ್ಳೇ ಎಲೆ! ಇಬ್ರು ಒಂದಾಗೋದು, ಜೊತೆ ಸಿಗೋದು ಅಂತ ಅರ್ಥ!"

ನಾನು ಅವಳ ಮಣಿಕಟ್ಟು ಹಿಡಿದೆ. "ಅಡಿ ಎಲೆ ಎಳೀತೀಯಾ? ನನ್ನ ಹತ್ರ? ಯಾರೇ ಕಲ್ಸಿದ್ದು ನಿಂಗೆ?"

"ಇನ್ಯಾರು? ಅಜ್ಜ" ಎಂದಳು ತಲೆ ತಗ್ಗಿಸಿ.

ಮೂರು ವರ್ಷದ ಹಿಂದೆ ತೀರಿಕೊಂಡ ಅಪ್ಪನ ಮೇಲೂ ಸಿಟ್ಟು ಬಂತು. ಬೈಯಲು ಹೊರಟವಳಿಗೆ ಆಗ ಹೊಳೆಯಿತು. ಇವಳು ಮೋಸ ಮಾಡಿದ್ದು ಯಾಕೆ? ಎಪ್ಪತ್ತೆಂಟು ಎಲೆಗಳಲ್ಲಿ ಇದೊಂದನ್ನೇ ಹುಡುಕಿ ಅಡಿಗೆ ಸೇರಿಸಿದ್ದು ಯಾಕೆ?

"ನಾನು ಏನ್ ಕೇಳ್ದೆ ಅಂತ ನಿಂಗೆ ಹೆಂಗೆ ಗೊತ್ತು?"

"ಅಮ್ಮಾ, ನಂಗೇನು ಕಣ್ಣಿಲ್ವಾ? ಒಂದೇ ಆಧಾರ್ ಕಾರ್ಡನ್ನ ಯಾರಾದ್ರೂ ನಾಲ್ಕು ಸಲ ಜೆರಾಕ್ಸ್ ಮಾಡಿಸ್ತಾರಾ? ಡ್ರಾಯರಲ್ಲಿ ಇಟ್ಟಿದೀಯಲ್ಲ ಆರ್ಡರ್, ಮಂಗಳವಾರವೇ ಓದ್ದೆ. ನೀನು ಇವತ್ತು ಹೇಳ್ತೀಯ, ನಾಳೆ ಹೇಳ್ತೀಯ ಅಂತ ಕಾದೂ ಕಾದೂ ಸಾಕಾಯ್ತು. ಇವತ್ತು ಕೊನೇ ದಿನ ಅಲ್ವಾ!"

ಆದರೂ ನನ್ನ ಅನುಮಾನ ಪೂರ್ತಿ ಹೋಗಲಿಲ್ಲ. ಅಮ್ಮ ಪಾಪ ಎಂಬ ಕನಿಕರವಿರಬಹುದು. ಅಲ್ಲದೆ ಮೇಷ್ಟ್ರ ಮಗಳು ನಾನು, ಕಳ್ಳಾಟದಲ್ಲಿ ಗೆದ್ದದ್ದನ್ನು ಒಪ್ಪುವುದು ಹೇಗೆ? "ತಾ ಇಲ್ಲಿ, ನಾನೇ ಕಲಸ್ತೀನಿ" ಎಂದು ಕಟ್ಟು ಕಿತ್ತುಕೊಂಡೆ. ಚೆನ್ನಾಗಿ ಕಲಸಿದೆ, ಅವಳ ಕೈಯಲ್ಲಿ ಕಟ್ ಮಾಡಿಸಿದೆ, ಮೇಲಿನ ಎಲೆ ತೆಗೆದು ಮಗುಚಿದೆ.

ಎತ್ತರದ ಒಂದು ಗೋಪುರ. ಅದಕ್ಕೆ ಸಿಡಿಲು ಹೊಡೆದು ಬೆಂಕಿ ಹತ್ತಿದೆ. ಇಬ್ಬರು ತಲೆಕೆಳಗಾಗಿ ಬೀಳುತ್ತಿದ್ದಾರೆ. ಅದರ ಅರ್ಥ ಹೇಳಲಿಕ್ಕೆ ಯಾರೂ ಬೇಕಿರಲಿಲ್ಲ.

"ಅದು ಲೆಕ್ಕಕ್ಕಿಲ್ಲ!" ಮಗಳು ಸ್ಟೂಲಿನಿಂದ ಹಾರಿ ಎದ್ದು ಕಿರುಚಿದಳು. "ಲೆಕ್ಕಕ್ಕಿಲ್ಲಮ್ಮ! ನಿಂಗೆ ಕಲಸೋಕೇ ಬರಲ್ಲ! ಈ ಎಲೆ ಸರಿ ಇಲ್ಲ, ಈ ಕಟ್ಟೇ ಸರಿ ಇಲ್ಲ!" ಎಲೆಯನ್ನು ಕಸಿದುಕೊಂಡು ನಡುವೆಲ್ಲೋ ತುರುಕಿದಳು. ಕಣ್ಣಲ್ಲಿ ನೀರು ಬಂದುಬಿಟ್ಟಿತ್ತು. ಕನಿಕರ ಹೀಗೆ ಕಿರುಚುವುದಿಲ್ಲ. ಎರಡು ವರ್ಷ ಗಂಟಲಲ್ಲಿ ಕೂತಿದ್ದ ಮಾತನ್ನು ಆಗ ಕೇಳಿದೆ.

"ಮತ್ತೆ ಅವತ್ತು ಮದುವೆಮನೇಲಿ ಊಟ ಬಿಟ್ಟು ಎದ್ದೆಯಲ್ಲೇ?"

"ಎಲ್ರೂ ನಿನ್ನ ನೋಡಿ ನಕ್ರು. ನೀನೂ ಅವ್ರ ಜೊತೆ ಸೇರ್ಕೊಂಡು ನಕ್ಕೆ. ಅದ್ಕೇ ಸಿಟ್ಟು ಬಂತು. ನಗೋ ವಿಷ್ಯನಾ ಅದು? ನೀನ್ಯಾಕೆ ನಕ್ಕೆ?"

ನಾನು ಅವಳನ್ನು ತಬ್ಬಿಕೊಂಡೆ. ಇಬ್ಬರೂ ಅತ್ತೆವು, ಇಬ್ಬರೂ ನಕ್ಕೆವು, ಟ್ಯಾರೋ ಎಲೆಗಳು ನೆಲದ ತುಂಬ ಚೆಲ್ಲಿದವು. ಅಷ್ಟರಲ್ಲಿ ಅವಳೇ ನನ್ನ ಭುಜ ಹಿಡಿದು ಅಲ್ಲಾಡಿಸಿದಳು. "ಅಮ್ಮ, ಮೂರೂಮುಕ್ಕಾಲು! ಫೋನ್ ಮಾಡು!"

ಒಳಗೆ ಸಿಗ್ನಲ್ ಇಲ್ಲದೆ ಫೋನು ಸಿಗಲಿಲ್ಲ. ಶಟರ್ ಎತ್ತಿ ಹೊರಗೆ ಬಂದರೆ, ಅಂಗಡಿಯ ಮುಂದೆ ಅರ್ಜಿ ಹಿಡಿದ ಜನ ಆಗಲೇ ಸಾಲು ನಿಂತಿದ್ದಾರೆ. ಮೂರನೇ ಸಲಕ್ಕೆ ಸಿಕ್ಕಿತು. ಸಾಲಿಗೆ ಬೆನ್ನು ಹಾಕಿ, ಸೆರಗನ್ನು ಬಾಯಿಗೆ ಅಡ್ಡ ಹಿಡಿದು, ಪಿಸುದನಿಯಲ್ಲಿ "ಇರಿ" ಎಂದೆ.

"ಯಾರು? ಏನಂದ್ರಿ? ಮಷೀನಿನ ಸದ್ದು, ಕೇಳ್ತಾ ಇಲ್ಲ. ಲೆಟರ್ ಕೊಡೋಕೆ ಹೊರಟಿದೀನಿ."

ಒಪ್ಪಿಗೆಯೋ ನಿರಾಕರಣೆಯೋ, ಯಾವ ಲೆಟರ್ ಬರೆದಿದ್ದರೋ ದೇವರೇ ಬಲ್ಲ! ನನ್ನ ಸೆರಗು ಬಾಯಿಂದ ಜಾರಿತು.

"ಇರಿ ಅಂದೆ! ಇಲ್ಲೇ ಇರಿ! ಎಲ್ಲಿಗೂ ಹೋಗ್ಬೇಡಿ!"

ಎದುರು ಅಂಗಡಿಯವರು ತಿರುಗಿದರು. ಟೀ ಅಂಗಡಿಯವರು ಸೋಸುತ್ತಿದ್ದ ಟೀ ಬಿಟ್ಟು ಹೊರಗೆ ಬಂದರು. ತಾಲ್ಲೂಕು ಕಚೇರಿಯ ಮೆಟ್ಟಿಲ ಮೇಲಿದ್ದವರು ಕೂಡ ನಿಂತು ನೋಡಿದರು.

"ಕೇಳ್ತು" ಎಂದರು ಫೋನಿನ ಆಚೆಯಿಂದ. "ಪೂರಾ ಕೇಳ್ತು."

"ಇಲ್ಲೇ ಇರಿ" ಎಂದು ನಾನು ಇನ್ನೊಂದು ಸಲ ಕೂಗಿದೆ. ಆ ಸಲ ಅವರು ಏನಂದ್ರಿ ಎಂದು ಕೇಳಿರಲಿಲ್ಲ, ನನಗೇ ಹೇಳಬೇಕೆನಿಸಿತ್ತು.