ಸುರಗಿಯಲ್ಲಿ ನಾನು ಹೇಳಿದ ಸುಳ್ಳು

ನಾಗಕ್ಕ, ನಿಮ್ಮ ಅರಿಷಿಣದ ಮೇಲೆ ಸುಳ್ಳು ಹೊರಿಸಿದವಳು ನಾನು. ಹೊಳಲಿನ ನಿಮ್ಮ ಅಂಗಳದಲ್ಲಿ ಆ ಬೆಳಿಗ್ಗೆ ಯಾರಿದ್ದರೆಂಬುದು ನಿಮಗೂ ನೆನಪಿರುತ್ತದೆ — ನಾಲ್ಕು ಮೂಲೆಗೆ ತಂಬಿಗೆಯಿಟ್ಟು ನೂಲು ಸುತ್ತಿದ ಸುರಗಿಯೊಳಗೆ ಮದುವೆಯ ಅರಿಷಿಣದ ನೀರಿಗೆ ಕೂತ ನನ್ನ ಅಣ್ಣನ ಮಗಳು ಸುಧಾ, ಪಕ್ಕದಲ್ಲಿ ಮದುಮಗ, ಸೋಬಾನೆ ಹೇಳುವ ಐದು ಜನ ಮುತ್ತೈದೆಯರು, ಎದುರಿಗೆ ಮದುಮಗನ ತಾಯಿ, ಅಂದರೆ ನಿಮ್ಮ ವಾರಗಿತ್ತಿ. ವಾರಗಟ್ಟಲೆ ಕೂತು ಕುಟ್ಟಿ ಜರಡಿ ಹಿಡಿದ ಅರಿಷಿಣದ ಬಟ್ಟಲು ಹಿಡಿದು ನೀವು ನಿಂತಿದ್ದಿರಿ. ನೀರು ಹಾಕುವ ಚೊಂಬು ನನ್ನ ಕೈಯಲ್ಲಿತ್ತು.

ಸುಧಾಳ ಮೈಗೆ ನೀರೇ ಆಗುವುದಿಲ್ಲ. ಕುಡಿಯಬಹುದು, ಮೈಮೇಲೆ ಬಿದ್ದರೆ ಮಾತ್ರ ಪಿತ್ತದ ಗಂಧೆಯಂತೆ ದದ್ದು ಏಳುತ್ತವೆ — ಬಿಸಿನೀರಾಗಲಿ, ತಣ್ಣೀರಾಗಲಿ. ತಾಸಿನಲ್ಲಿ ತಾವೇ ಇಳಿಯುತ್ತವೆ. ಬಹಳ ಅಪರೂಪದ್ದು, ಅಂಟುವಂಥದ್ದಲ್ಲ ಎಂದು ದಾವಣಗೆರೆಯ ಡಾಕ್ಟರು ಹೇಳಿದ್ದರು. ಮದುಮಗನಿಗೆ ಅವಳೇ ಮೊದಲೇ ಫೋನಿನಲ್ಲಿ ತಿಳಿಸಿದ್ದಳು. ಮಳೆಗಾಲದಲ್ಲಿ ಛತ್ರಿ ಹಿಡಿಯುವ ಕೆಲಸ ನನ್ನದು ಬಿಡು ಎಂದು ನಕ್ಕಿದ್ದನಂತೆ. ಉಳಿದವರಿಗೆ ಹೇಳುವುದು ಬೇಡ ಅಂದವಳು ನಾನು. ಅದಕ್ಕೆ ಇವತ್ತಿಗೂ ತಲೆ ತಗ್ಗಿಸುವುದಿಲ್ಲ. ಸಂತೆಯ ಎತ್ತಿನ ಹಲ್ಲು ಬಿಡಿಸಿ ನೋಡುವಂತೆ ನಮ್ಮ ಹುಡುಗಿಯ ಮೈಯನ್ನು ಯಾರೂ ನೋಡಬೇಕಾಗಿರಲಿಲ್ಲ.

ಆದರೆ ಸುರಗಿ ತಪ್ಪಿಸಲಾಗಲಿಲ್ಲ. ನೀವು ಅರಿಷಿಣ ಹಚ್ಚಿದ ಮೇಲೆ ಎರಡು ಚೊಂಬು ಸುರಿದು ಮುಗಿಸೋಣವೆಂದುಕೊಂಡಿದ್ದೆ. ಐದಾಗಲೇಬೇಕು ಅಂದರು ನಿಮ್ಮ ಕಡೆಯವರು. ಐದನೆಯದು ಸುರಿಯುವಷ್ಟರಲ್ಲಿ ಅವಳ ಕುತ್ತಿಗೆಯೆಲ್ಲ ಕೆಂಪಗೆ ಎದ್ದಿತ್ತು.

"ಇದೇನ್ರಿ ಹುಡುಗಿ ಮೈಮ್ಯಾಲೆ?" ಅಂದರು ನಿಮ್ಮ ವಾರಗಿತ್ತಿ. ಹಾಡು ನಿಂತಿತು. ನನ್ನ ಬಾಯಿಗೆ ಬಂದದ್ದು —

"ನಮ್ಮ ಹುಡುಗಿಗೇನಾಗಿಲ್ರಿ. ನಿಮ್ಮನಿ ಅರಿಷಿಣ ನೋಡ್ಕಳ್ರಿ, ಅದರಾಗ ಏನು ಕೂಡೈತೋ."

ನೀವು ಬಟ್ಟಲನ್ನು ಮೂಸಿ ನೋಡಿದಿರಿ.

ದದ್ದು ತಾಸಿಗೆ ಇಳಿಯಿತು. ನಿಮ್ಮ ಮೇಲೆ ಬಂದ ಮಾತು ಇಳಿಯಲಿಲ್ಲ. ನಾಗಮ್ಮನ ಕೈ ಆಗಿಬರುವುದಿಲ್ಲ ಎಂದು ಆಮೇಲೆ ಯಾವ ಮದುವೆಯಲ್ಲೂ ಅರಿಷಿಣ ಕುಟ್ಟಲು ನಿಮ್ಮನ್ನು ಕರೆಯಲಿಲ್ಲ — ಆರು ವರ್ಷ. ನಾನು ಅದೇ ಮದುವೆಗಳಲ್ಲಿ ಉಂಡು, ಎಲೆ ಅಡಿಕೆ ಹಾಕಿಕೊಂಡು, ನಿಮ್ಮ ಮುಂದೆಯೇ ದಾಟಿ... ಹೇಳಿಬಿಡೋಣ ಎಂದು ಸುಧಾ ಎರಡು ಸಲ ಅಂದಳು. ನಾನೇ ಬಾಯಿ ಮುಚ್ಚಿಸಿದೆ. ಹುಡುಗಿಯನ್ನು ಕಾಯಲು ಆಡಿದ ಸುಳ್ಳು ಎಂದುಕೊಳ್ಳುತ್ತಿದ್ದೆ. ಮೊದಲ ದಿನದ ಮಟ್ಟಿಗೆ ನಿಜವಿರಬಹುದು. ಉಳಿದ ಆರು ವರ್ಷ ನಾನು ಕಾಯ್ದುಕೊಂಡದ್ದು ನನ್ನನ್ನೇ.

ಹೋದ ತಿಂಗಳು ನಿಮ್ಮ ಮೈದುನನ ಮಗಳ ಮದುವೆಗೆ ಅರಿಷಿಣ ಕುಟ್ಟಲು ಹೆಂಗಸರೆಲ್ಲ ಸೇರಿದಾಗ ಎದ್ದು ನಿಂತು ಎಲ್ಲವನ್ನೂ ಹೇಳಿದೆ. ನೀವು ಮೂಲೆಯಲ್ಲಿ ಹೂ ಕಟ್ಟುತ್ತಿದ್ದಿರಿ. ಸುಧಾ ನನ್ನನ್ನು ಕೇಳಲೂ ಇಲ್ಲ — ತೋಳಿನ ಮೇಲೆ ಬರಿ ನೀರು ಸುರಿದುಕೊಂಡು ಎಲ್ಲರ ನಡುವೆ ಕೂತಳು. ಸ್ವಲ್ಪ ಹೊತ್ತಿಗೆ ದದ್ದು ಎದ್ದವು. ಆಮೇಲೆ ತೋಳು ಚಾಚಿದಳು.

"ನೋಡ್ರಿ ಎಲ್ಲಾರೂ. ಇದರಾಗ ಅರಿಷಿಣ ಎಲ್ಲೈತಿ?"

ಇಷ್ಟು ದಿನ ಮುಚ್ಚಿಟ್ಟು ಈಗ್ಯಾಕೆ ಬಿಚ್ಚಿದಿರಿ ಎಂದು ನಿಮ್ಮ ವಾರಗಿತ್ತಿ ನನ್ನ ಮೇಲೆ ಹರಿಹಾಯ್ದರು. ಮುಚ್ಚಿಟ್ಟವಳೇ ಬಿಚ್ಚಬೇಕಲ್ಲ ಎಂದೆ. ಯಾರೋ ಒನಕೆ ತಂದು ನಿಮ್ಮ ಮುಂದೆ ಹಿಡಿದರು. ನೀವು ಮುಟ್ಟಲಿಲ್ಲ.

ಮೊನ್ನೆ ಹಡಗಲಿ ಬಸ್ ನಿಲ್ದಾಣದಲ್ಲಿ ಕಂಡಿರಿ. ಬೆಂಚಿನ ಮೇಲೆ ಸರಿದು ಜಾಗ ಮಾಡಿದೆ. ನೀವು ನನ್ನನ್ನು ನೋಡಿದಿರಿ, ನಿಂತೇ ಇದ್ದಿರಿ. ಹೊಳಲಿನ ಬಸ್ಸು ಬಂತು. ಹತ್ತಿ ಹೋದಿರಿ.