ಓದಿಸಿಕೊಂಡು ಮಾಡಿದ ಸಹಿ

ಶನಿವಾರ ನಮ್ಮ ಶಾಲೆ ಬೆಳಗಿನ ಹೊತ್ತಿಗೇ ಮುಗಿಯುತ್ತದೆ. ಉಳಿದ ಮಾಸ್ತರರು ಚೀಲ ಹೆಗಲಿಗೆ ಹಾಕಿಕೊಂಡು ಹನ್ನೆರಡರ ಬಸ್ಸಿಗೆ ಓಡುತ್ತಾರೆ. ನಾನೊಬ್ಬಳು ಐದು ವರ್ಷ ಆ ಬಸ್ಸು ಬಿಟ್ಟು ಮೂರೂವರೆಯ ಬಸ್ಸಿಗೆ ಹೋಗುತ್ತಿದ್ದೆ. ಈಗ ನಾನೂ ಹನ್ನೆರಡರದಕ್ಕೇ ಓಡುತ್ತೇನೆ. ಯಾಕೆ ಅಂತ ಯಾರೂ ಕೇಳಲಿಲ್ಲ. ಕೇಳಿದ್ದರೆ ಮಂಡಿನೋವು ಅಂತಲೋ ಏನೋ ಸುಳ್ಳು ಹೇಳುತ್ತಿದ್ದೆ.

ನನ್ನ ಮನೆ ಸುರಪುರದಲ್ಲಿ, ನೌಕರಿ ಕೆಂಭಾವಿ ಕಡೆಯ ಒಂದು ಹಳ್ಳಿಯ ಹೈಸ್ಕೂಲಿನಲ್ಲಿ. ಕನ್ನಡ ಕಲಿಸುತ್ತೇನೆ. ಇಡೀ ಶಾಲೆಗೆ ನಾನೊಬ್ಬಳೇ ಹೆಂಗಸು. ಹೀಗಾಗಿ ಹುಡುಗಿಯರ ಹೊಟ್ಟೆನೋವಿನಿಂದ ಹಿಡಿದು ರಂಗೋಲಿ, ಸ್ವಾಗತಗೀತೆ, ಸಾಹೇಬರು ಬಂದಾಗ ಕಳಸ ಹಿಡಿಸುವುದು, ಎಲ್ಲವೂ ನನ್ನ ಕೊರಳಿಗೇ. ಒಂದು ವರ್ಷ ಮೇಲಿನಿಂದ ಕಾಗದ ಬಂತು: ಹುಡುಗಿಯರಲ್ಲಿ ಸೇವಾ ಮನೋಭಾವ ಬೆಳೆಸಿ, ನಾಯಕತ್ವ ಬೆಳೆಸಿ. ಹೆಡ್ ಮಾಸ್ತರರು ಅದನ್ನು ಪೂರ್ತಿ ಓದುವ ಗೋಜಿಗೂ ಹೋಗದೆ ನನ್ನ ಟೇಬಲ್ಲಿನ ಮೇಲೆ ಇಟ್ಟರು.

ಮೊದಮೊದಲು ನಾನೂ ಬೇಸರದಿಂದಲೇ ಮಾಡಿದೆ. ಶಾಲೆಯ ಅಂಗಳ ಗುಡಿಸಿದೆವು. ಬೇವಿನ ಸಸಿ ನೆಟ್ಟೆವು, ವಾರದೊಳಗೆ ಆಡುಗಳು ಅವನ್ನು ಮುಗಿಸಿದವು. ಕಾಂಪೌಂಡ್ ಗೋಡೆಯ ಮೇಲೆ ಮಕ್ಕಳ ಸಹಾಯವಾಣಿಯ ನಂಬರನ್ನು ದೊಡ್ಡದಾಗಿ ನೀಲಿ ಬಣ್ಣದಲ್ಲಿ ಬರೆದೆವು. ಒಂದು ಶನಿವಾರ ಮತ್ತೆ ಪೊರಕೆ ಹಂಚುತ್ತಿದ್ದಾಗ ಎಂಟನೆಯ ತರಗತಿಯ ಒಬ್ಬ ಹುಡುಗಿ ಪೊರಕೆ ಮುಟ್ಟದೆ ನಿಂತಳು. ಉದ್ದನೆಯ ಹುಡುಗಿ, ಗಡಸು ದನಿ.

"ಮನ್ಯಾಗ ದಿನಾ ಕಸ ಹೊಡಿಯೂದ ಐತ್ರಿ ಟೀಚರ್. ಇಲ್ಲಿ ಬಂದೂ ಅದನ್ನ ಮಾಡಿದ್ರ ಅದು ಸೇವಾ ಹ್ಯಾಂಗ ಆಗ್ತದ್ರಿ?"

ನನಗೆ ಸಿಟ್ಟು ಬಂತು, ಆಮೇಲೆ ನಗು ಬಂತು. ಹಾಗಾದರೆ ನೀನೇ ಹೇಳು ಏನು ಮಾಡೋಣ ಅಂದೆ. ಮರುವಾರ ಆಕೆ ಹೇಳಿಕೊಂಡೇ ಬಂದಳು. ಅವಳ ಓಣಿಯಲ್ಲಿ ಒಬ್ಬ ಹೆಂಗಸಿಗೂ ಸಹಿ ಬರುತ್ತಿರಲಿಲ್ಲ. ಎಲ್ಲರದೂ ಹೆಬ್ಬಟ್ಟು. ಒತ್ತುವುದು, ಬೆರಳಿಗೆ ಹತ್ತಿದ ಮಸಿಯನ್ನು ತಲೆಗೂದಲಿಗೆ ಒರೆಸಿಕೊಳ್ಳುವುದು, ಎದ್ದು ಬರುವುದು. ಅವಳ ಅಜ್ಜಿ ಒಮ್ಮೆ ಹಾಗೆ ಯಾವುದೋ ಕಾಗದಕ್ಕೆ ಒತ್ತಿ, ತಲೆಗೆ ಒರೆಸಿಕೊಂಡು ಬಂದವಳು, ತನ್ನ ಹೊಲದ ಪಾಲು ಹೋಗಿದೆ ಎಂಬುದನ್ನು ಮುಂದಿನ ಬಿತ್ತನೆಗೆ ಹೋದಾಗ ತಿಳಿದಳಂತೆ. ಅವರಿಗೆಲ್ಲ ಸಹಿ ಕಲಿಸೋಣ ಎಂಬುದು ಹುಡುಗಿಯ ವಿಚಾರ. ಅಂದಿನಿಂದ ಆಕೆಯೇ ನಮ್ಮ ಗುಂಪಿನ ಲೀಡರ್. ನಾನು ಮಾಡಿದ್ದಲ್ಲ, ತಾನಾಗಿ ಆದಳು.

ಅವರ ಓಣಿಯ ಹಿಂದೆ ಒಂದು ದೊಡ್ಡ ಬಂಡೆ ಇದೆ. ನಮ್ಮ ಕಡೆ ಬಂಡೆಗೇನು ಬರ. ಅದರ ಒಂದು ಮಗ್ಗುಲು ಗೋಡೆಯಂತೆ ನೆಟ್ಟಗೆ ಇತ್ತು, ಮಧ್ಯಾಹ್ನದ ಮೇಲೆ ಆ ಕಡೆ ನೆರಳು. ಅದೇ ನಮ್ಮ ಕರಿಹಲಗೆ. ಹನ್ನೊಂದು ಹುಡುಗಿಯರು, ಒಬ್ಬೊಬ್ಬರಿಗೆ ಇಬ್ಬರು ಮೂವರು ಹೆಂಗಸರು. ಹುಡುಗಿಯರು ಅವ್ವಂದಿರನ್ನು ಗದರುವುದನ್ನು ನೋಡಬೇಕಿತ್ತು. ನಾನು ತರಗತಿಯಲ್ಲಿ ಹೇಗೆ ಗದರುತ್ತೇನೋ ಹಾಗೇ, ಅದೇ ಮಾತು, ಅದೇ ಸೊಂಟದ ಮೇಲಿನ ಕೈ.

ಎರಡು ಕಟ್ಟಳೆ ಮಾಡಿಕೊಂಡಿದ್ದೆವು. ಒಂದು, ಸಹಿ ಬಂದ ಮೇಲೆ ಯಾರು ಎಷ್ಟೇ ಅವಸರ ಮಾಡಿದರೂ ಹೆಬ್ಬಟ್ಟು ಒತ್ತಕೂಡದು. ಎರಡನೆಯದು ಆ ಹುಡುಗಿ ಹಾಕಿದ್ದು. ಕಾಗದದಲ್ಲಿ ಏನಿದೆ ಎಂದು ಓದಿಸಿಕೊಳ್ಳದೆ ಸಹಿ ಮಾಡಕೂಡದು. ಬೇರೆಯವರ ಕೈಯಿಂದಲ್ಲ, ನಮ್ಮ ಮಕ್ಕಳ ಕೈಯಿಂದಲೇ ಓದಿಸಬೇಕು. ಪ್ರತಿ ಶನಿವಾರ ಹೆಂಗಸರೆಲ್ಲ ಅದನ್ನು ಒಕ್ಕೊರಲಿನಿಂದ ಹೇಳಿಯೇ ಏಳಬೇಕಿತ್ತು.

ಎಲ್ಲರಿಗಿಂತ ಕಷ್ಟಪಟ್ಟವಳು ಆ ಹುಡುಗಿಯ ತಾಯಿ. ಗಂಡ ಪುಣೆಯ ಕಡೆ ಕಟ್ಟಡದ ಕೆಲಸಕ್ಕೆ ಹೋದರೆ ಯುಗಾದಿಗೇ ಬರುವವನು. ಮನೆ, ಕೂಲಿ ಎಲ್ಲ ಈಕೆಯದೇ. ಹತ್ತಿ ಬಿಡಿಸಿ ಬಿಡಿಸಿ ಬೆರಳ ತುದಿ ಒಡೆದಿದ್ದವು, ಬಳಪ ನಿಲ್ಲುತ್ತಿರಲಿಲ್ಲ. ಮಗಳು ಎದುರಿಗೆ ಕುಳಿತು ಪಾಟಿ ಜಾರದ ಹಾಗೆ ಎರಡೂ ಕೈಯಿಂದ ಹಿಡಿದುಕೊಳ್ಳುತ್ತಿದ್ದಳು. ನಾಲ್ಕು ತಿಂಗಳು ಬೇಕಾಯಿತು. ಬಂದ ಮೇಲೆ ಆಕೆಯನ್ನು ಹಿಡಿಯುವವರಿರಲಿಲ್ಲ. ಒಲೆಯ ಪಕ್ಕದ ಗೋಡೆಗೆ ಇದ್ದಲಿನಿಂದ ಸಹಿ, ಜೋಳದ ಚೀಲದ ಮೇಲೆ ಸಹಿ, ಕೋಳಿ ಮುಚ್ಚುವ ಬುಟ್ಟಿಗೂ ಸಹಿ. ಕೋಳಿಗೆ ಮಾತ್ರ ಮಾಡಿಲ್ರಿ ಎಂದು ಹುಡುಗಿ ನಗಿಸಿದ್ದಳು.

ಆ ಹುಡುಗಿಗೆ ಇದ್ದ ಆಸೆ ಒಂದೇ. ಹತ್ತನೆಯದು ಮುಗಿಸಿ ಶಹಾಪುರದಲ್ಲಿ ಹಾಸ್ಟೆಲಿಗೆ ಸೇರಿ ಕಾಲೇಜು ಓದಬೇಕು, ಟೀಚರ್ ಆಗಬೇಕು. "ನಿಮ್ಮಂಗ ಕನ್ನಡದ್ದಲ್ರಿ, ಗಣಿತದ್ದು," ಎಂದು ನನ್ನ ಮುಖಕ್ಕೇ ಹೇಳಿದ್ದಳು. ಅದಕ್ಕೆ ಅಡ್ಡ ಇದ್ದದ್ದೂ ಒಂದೇ. ತಿಂಥಣಿಯ ಆಚೆ, ಹೊಳೆಯ ದಂಡೆಯ ಊರಿನಲ್ಲಿ ತಾಯಿಯ ತಮ್ಮ ಇದ್ದ. ಹುಡುಗಿ ತೊಟ್ಟಿಲಲ್ಲಿದ್ದಾಗಿನಿಂದ ಇವಳು ಅವನಿಗೇ ಎಂದು ಮಾತಾಗಿತ್ತು. ತಾಯಿ ಹೇಗೋ ತವರಿನವರನ್ನು ತಡೆದು ನಿಲ್ಲಿಸಿದ್ದಳು. ಹತ್ತನೆಯದು ಆಗಲಿ, ಆಮೇಲೆ ನೋಡೋಣ ಎನ್ನುತ್ತಿದ್ದಳು. ಆ ಆಮೇಲೆಯನ್ನು ಹಾಗೇ ಮುಂದಕ್ಕೆ ತಳ್ಳುತ್ತ ಹೋಗಬಹುದು ಎಂದು ನಾವು ಮೂವರೂ ನಂಬಿದ್ದೆವು.

ಕೆಡಿಸಿದವಳು ನಾನು. ಹುಡುಗಿ ಹತ್ತನೆಯ ತರಗತಿಗೆ ಬಂದ ವರ್ಷ, ನಮ್ಮ ಓಣಿಯ ಸುದ್ದಿ ಯಾದಗಿರಿಯ ತನಕ ಮುಟ್ಟಿತು. ಅಲ್ಲಿ ಒಂದು ಸಮಾರಂಭ, ಹುಡುಗಿ ಮಾತಾಡಬೇಕು, ತಾಯಿ ವೇದಿಕೆಯ ಮೇಲೆ ಸಹಿ ಮಾಡಿ ತೋರಿಸಬೇಕು ಎಂದು ಕರೆ ಬಂತು. ತಾಯಿ ಕೇಳಿದ ಕೂಡಲೇ ಬೇಡ ಅಂದಳು. ಓಣಿಯೊಳಗೆ ಎಷ್ಟು ಬೇಕಾದರೂ ಕಲಿಯಲಿ, ಕಲಿಸಲಿ, ಮಂದಿಯ ಮುಂದೆ ಮೈಕಿಗೆ ನಿಲ್ಲಿಸಬೇಡಿ ಎಂದು ಕೈ ಮುಗಿದಳು. ಆಕೆಗೆ ತನ್ನ ತವರು ಗೊತ್ತಿತ್ತು. ನಾನು ಎರಡು ಸಲ ಮನೆಗೆ ಹೋದೆ. ಚಹ ಕುಡಿದೆ. ನಿನ್ನ ಮಗಳ ಭವಿಷ್ಯ ಅಂದೆ, ಸಾಹೇಬರ ಗುರುತಾಗುತ್ತದೆ, ನಾಳೆ ಹಾಸ್ಟೆಲಿಗೆ ಅನುಕೂಲ ಅಂದೆ. ಹೇಳಿದ್ದೆಲ್ಲ ಖರೆಯೇ. ಆದರೆ ಮುಂದಿನ ಸಾಲಿನ ಕುರ್ಚಿಯಲ್ಲಿ ಕೂರುವ ಆಸೆ ನನಗಿತ್ತು. ಹದಿನೆಂಟು ವರ್ಷ ಕಳಸ ಹಿಡಿಸಿದ್ದೆ, ಒಂದು ಸಲ ನನ್ನ ಹೆಸರನ್ನೂ ಮೈಕಿನಲ್ಲಿ ಕೂಗಲಿ ಅನಿಸಿತ್ತು.

ಕೂಗಿದರು. ಹುಡುಗಿ ನಾನು ಬರೆದುಕೊಟ್ಟ ಭಾಷಣವನ್ನು ಮಡಚಿ ಕೈಯಲ್ಲೇ ಇಟ್ಟುಕೊಂಡು, ನಮ್ಮ ಓಣಿಯಲ್ಲಿ ಇನ್ನು ಮೇಲೆ ಯಾರೇ ಕಾಗದ ತಂದರೂ ಓದಿ ಹೇಳಿಯೇ ಸಹಿ ಕೇಳಬೇಕು ಎಂದು ತನ್ನದೇ ಮಾತಿನಲ್ಲಿ ಹೇಳಿದಳು. ಸಭೆ ಚಪ್ಪಾಳೆ ತಟ್ಟಿತು. ತಾಯಿ ಬಿಳಿ ಫ್ಲೆಕ್ಸಿನ ಮೇಲೆ ಗೇಣುದ್ದದ ಸಹಿ ಮಾಡಿದಳು. ಸುತ್ತ ಗಂಡಸರು, ನಡುವೆ ಮೈಕ್ ಹಿಡಿದ ಹುಡುಗಿ, ಹಾಗೆ ಒಂದು ಫೋಟೊ ತೆಗೆದರು. ನಮ್ಮ ಹೆಡ್ ಮಾಸ್ತರರಿಗೆ ಫೋಟೊ ಎಂದರೆ ಪ್ರಾಣ. ತಮಗೆ ಗೊತ್ತಿದ್ದ ಎಲ್ಲ ಗುಂಪುಗಳಿಗೂ ವಾಟ್ಸಪ್ಪಿನಲ್ಲಿ ಕಳಿಸಿದರು. ಎರಡು ದಿನದೊಳಗೆ ಅದು ಹೊಳೆಯ ದಂಡೆಯ ಆ ಊರಿಗೂ ಹೋಯಿತು.

ಮೂರನೆಯ ದಿನ ತವರಿನವರು ಬಂದು ಕೂತರಂತೆ. ಹುಡುಗಿ ಮಾತು ಕಲಿತಿದ್ದಾಳೆ, ಇನ್ನೊಂದು ವರ್ಷ ಬಿಟ್ಟರೆ ನಮ್ಮ ಕೈಗೆ ಸಿಗುವವಳಲ್ಲ ಅಂದರಂತೆ. ಈಗ ಕಳಿಸುತ್ತೀಯೋ ಇಲ್ಲಾ ತವರಿನ ಬಾಗಿಲು ಮರೆಯುತ್ತೀಯೋ ಎಂದು ಕೇಳಿದರಂತೆ. ಗಂಡ ಪುಣೆಯಿಂದ ಫೋನಿನಲ್ಲೇ ಹೂಂ ಅಂದ. ಇದನ್ನೆಲ್ಲ ಹುಡುಗಿಯೇ ನನಗೆ ಹೇಳಿದಳು, ಸ್ಟಾಫ್ ರೂಮಿನ ಬಾಗಿಲಿನಲ್ಲಿ ನಿಂತು, ಅಳದೆ. ಹೇಳಿ ಮುಗಿಸಿ ಒಂದೇ ಒಂದು ಬೇಡಿದಳು.

"ಟಿಸಿ ತಗೊಳಾಕ ಬರ್ತಾಳ್ರಿ ಯವ್ವ. ನೀವೊಂದ ಮಾತ ಆಗೂದಿಲ್ಲ ಅನ್ರಿ ಟೀಚರ್. ನಿಮ್ಮ ಮಾತ ಮೀರೂದಿಲ್ಲ ಆಕಿ."

ಅನ್ನುತ್ತೇನೆ ಅಂದೆ. ಧೈರ್ಯ ಇರಲಿ ಎಂದು ಬೆನ್ನು ತಟ್ಟಿದೆ. ಬೆನ್ನು ತಟ್ಟುವುದು ನನಗೆ ಚೆನ್ನಾಗಿ ಬರುತ್ತದೆ.

ಮರುದಿನ ತಾಯಿ ಮಗಳನ್ನು ಕರೆದುಕೊಂಡು ಆಫೀಸಿಗೆ ಬಂದಳು. ಯಾದಗಿರಿಗೆ ಉಟ್ಟಿದ್ದ ಸೀರೆಯನ್ನೇ ಉಟ್ಟಿದ್ದಳು. ಗುಮಾಸ್ತ ಅರ್ಜಿ ಬರೆದು ಇಟ್ಟಿದ್ದ. ಹೆಡ್ ಮಾಸ್ತರರು ನನ್ನನ್ನು ಪಕ್ಕಕ್ಕೆ ಕರೆದು, ಹಡೆದವರು ಟಿಸಿ ಕೇಳಿದರೆ ಕೊಡದೆ ಇರಲು ಬರುವುದಿಲ್ಲ, ತಾಯಿಯ ತವರೂರಿನ ಶಾಲೆಗೆ ಹಾಕುತ್ತಾರಂತೆ, ನೀವು ನಡುವೆ ಬಾಯಿ ಹಾಕಬೇಡಿ, ನಾಳೆ ಊರಿನವರು ಶಾಲೆಯ ಮೇಲೆ ಬರುತ್ತಾರೆ ಎಂದರು. ಆ ಊರಿನ ಶಾಲೆ ಎಂಟನೆಯ ತರಗತಿಗೇ ಮುಗಿಯುತ್ತದೆ ಎಂಬುದು ಅವರಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ನಾನು ತಾಯಿಯ ಹತ್ತಿರ ಹೋಗಿ, ಹತ್ತನೆಯದು ಮುಗಿಯಲಿ ಅವ್ವಾ, ನಾಲ್ಕು ತಿಂಗಳ ಮಾತು ಅಂದೆ. ಆಕೆ ನೆಲ ನೋಡುತ್ತ, ಅಲ್ಲಿಯೂ ಶಾಲೆ ಇದೆ ಅಂದಳು. ನನ್ನ ವಾದ ಅಲ್ಲಿಗೇ ಮುಗಿಯಿತು.

ಗುಮಾಸ್ತ ರೂಢಿಯಂತೆ ಮಸಿಯ ಪ್ಯಾಡನ್ನು ಆಕೆಯ ಮುಂದೆ ತಳ್ಳಿದ. ಆಕೆ ಅದನ್ನು ಅಂಗೈಯ ಹಿಂಬದಿಯಿಂದ ಸರಿಸಿದಳು. ಪೆನ್ನು ಕೇಳಿದಳು. ಆಮೇಲೆ ಅರ್ಜಿಯನ್ನು ಎತ್ತಿ ಮಗಳ ಕೈಗೆ ಕೊಟ್ಟಳು.

"ಓದ. ಓದಿಸ್ಕೊಳ್ಳದ ಮಾಡಬಾರದಂತ ನೀನ ಹೇಳೀದಿ."

ವ್ಯಂಗ್ಯ ಇರಲಿಲ್ಲ ಆ ಮಾತಿನಲ್ಲಿ. ಇದ್ದಿದ್ದರೆ ತಡೆದುಕೊಳ್ಳಬಹುದಿತ್ತು. ಪಾಠ ಕಲಿತವಳು ಪಾಠ ಒಪ್ಪಿಸಿದ ಹಾಗೆ ಹೇಳಿದಳು.

ಹುಡುಗಿ ನನ್ನ ಕಡೆ ನೋಡಿದಳು. ನಾನು ಗೋಡೆಯ ಮೇಲಿದ್ದ ಯಾದಗಿರಿಯ ಫೋಟೊ ನೋಡುತ್ತಿದ್ದೆ. ಆಕೆ ಓದಿದಳು. ಕೌಟುಂಬಿಕ ಕಾರಣಗಳಿಂದ ನನ್ನ ಮಗಳನ್ನು ಈ ಶಾಲೆಯಿಂದ ಬಿಡಿಸುತ್ತಿದ್ದು, ಸದರಿಯವಳ ವರ್ಗಾವಣೆ ಪತ್ರವನ್ನು ದಯಪಾಲಿಸಬೇಕಾಗಿ ವಿನಂತಿ. ನಾನು ಕಲಿಸಿದ ಹಾಗೆ ನಿಲ್ಲಿಸುವಲ್ಲಿ ನಿಲ್ಲಿಸಿ, ಸ್ಪಷ್ಟವಾಗಿ ಓದಿದಳು. ಕೌಟುಂಬಿಕ ಅಂದರೇನು ಎಂದು ತಾಯಿ ಕೇಳಿದಳು. ಮನೆಯ ಸಂಬಂಧದ್ದು ಎಂದು ಮಗಳು ಹೇಳಿದಳು. ತಾಯಿ ತಲೆಯಾಡಿಸಿ ಕಾಗದವನ್ನು ಟೇಬಲ್ಲಿನ ಮೇಲೆ ಇಟ್ಟುಕೊಂಡು ಬಾಗಿದಳು. ಫ್ಯಾನಿನ ಗಾಳಿಗೆ ಕಾಗದ ಜಾರುತ್ತಿತ್ತು. ಹುಡುಗಿ ಅದನ್ನು ಎರಡೂ ಕೈಯಿಂದ ಒತ್ತಿ ಹಿಡಿದಳು, ಬಂಡೆಯ ನೆರಳಿನಲ್ಲಿ ಪಾಟಿ ಹಿಡಿಯುತ್ತಿದ್ದ ಹಾಗೆಯೇ.

ಸಹಿ ಆದ ಮೇಲೆ ಗುಮಾಸ್ತ ಕಾಗದವನ್ನು ನನ್ನ ಕಡೆ ತಿರುಗಿಸಿದ. ಹತ್ತನೆಯದಕ್ಕೆ ತರಗತಿ ಶಿಕ್ಷಕಿ ನಾನೇ. ಅರ್ಜಿಯ ಕೆಳಗೆ ತರಗತಿ ಶಿಕ್ಷಕರ ಸಹಿಗೆ ಜಾಗ ಇರುತ್ತದೆ, ಅಭ್ಯಂತರ ಇಲ್ಲ ಎಂದು. ಮಾಡಿದೆ. ಆ ತಾಯಿಗೆ ತನ್ನ ಹೆಸರು ಬರೆಯಲು ಹಿಡಿದ ಹೊತ್ತಿನ ಅರ್ಧದಷ್ಟೂ ನನಗೆ ಹಿಡಿಯಲಿಲ್ಲ.

ಎರಡು ದಿನ ನಿದ್ದೆ ಬರದೆ, ಮೂರನೆಯ ದಿನ ಸುರಪುರದ ಬಸ್ ಸ್ಟ್ಯಾಂಡಿನಲ್ಲಿ ನಿಂತು ಸಹಾಯವಾಣಿಗೆ ಫೋನು ಮಾಡಿದೆ. ನನ್ನ ಹೆಸರು ಹೇಳಲಿಲ್ಲ. ಅವರು ಪಾಪ ಹೊಳೆಯ ದಂಡೆಯ ಆ ಊರಿಗೆ ಹೋಗಿ ಬಂದರು. ಮನೆಯವರು ಮದುವೆಯ ಮಾತೇ ಇಲ್ಲ, ಓದಲು ಬಂದಿದ್ದಾಳೆ ಎಂದರಂತೆ. ವಿಚಾರಣೆಗೆ ನಮ್ಮ ಶಾಲೆಗೂ ಬಂದು ಅರ್ಜಿ ತೆಗೆಸಿ ನೋಡಿದರು. ಬಂದಿದ್ದವರಲ್ಲಿ ಹಿರಿಯರೊಬ್ಬರು, ತಾಯಿಯದು ಹೆಬ್ಬಟ್ಟಾಗಿದ್ದರೆ ಮೋಸದಿಂದ ಒತ್ತಿಸಿದ್ದಾರೆ ಅಂತಾದರೂ ಬರೆಯಬಹುದಿತ್ತು, ಈಕೆ ಓದಿಸಿಕೊಂಡು ಸಹಿ ಮಾಡಿದ್ದಾಳಂತೆ, ಟೀಚರ್ ಸಹಿಯೂ ಇದೆ ಎಂದು ಕಡತ ಮುಚ್ಚಿದರು. ನಾನು ಪಕ್ಕದಲ್ಲೇ ನಿಂತು ಹೌದು ಸರ್ ಎಂದೆ. ಯುಗಾದಿಗೆ ಮೊದಲೇ ಮದುವೆ ಮುಗಿದಿತ್ತು.

ಇಷ್ಟಾದ ಮೇಲೂ ಎರಡು ವರ್ಷ ನಾನು ಶನಿವಾರದ ಗುಂಪು ನಡೆಸಿದೆ. ನಿಲ್ಲಿಸಿದರೆ ತಪ್ಪೊಪ್ಪಿದ ಹಾಗಾಗುತ್ತದೆ ಎಂಬ ಹಟ. ಹೊಸ ಹುಡುಗಿಯರಿಗೆ ಆ ಫೋಟೊ ತೋರಿಸಿ ನಮ್ಮ ಲೀಡರ್ ಹೀಗಿದ್ದಳು ಎಂದು ಹೇಳುವಷ್ಟು ನಾಚಿಕೆಗೇಡಿಯೂ ಆಗಿದ್ದೆ.

ಈ ವರ್ಷ ಬೇಸಿಗೆಯಲ್ಲಿ ಶಹಾಪುರದ ಬಸ್ ಸ್ಟ್ಯಾಂಡಿನಲ್ಲಿ ಆ ಹುಡುಗಿ ಸಿಕ್ಕಳು. ಬಗಲಲ್ಲಿ ಕೂಸು, ಕೈಯಲ್ಲಿ ದವಾಖಾನೆಯ ಚೀಟಿ. ನಾನು ನೋಡದ ಹಾಗೆ ದಾಟುವವಳಿದ್ದೆ, ಆಕೆಯೇ ಬಂದು ನಮಸ್ಕಾರ ಮಾಡಿದಳು. ದನಿ ಹಾಗೇ ಇತ್ತು, ಗಡಸು. ಕೂಸಿನ ಕೆನ್ನೆ ಮುಟ್ಟಿದೆ, ಅದರ ಹೆಸರು ಕೇಳಿದೆ. ಇನ್ನೇನು ಮಾತಾಡಬೇಕು ಎಂದು ತಿಳಿಯದೆ, ನನ್ನ ಭಾರ ಯಾರ ಮೇಲಾದರೂ ಇಳಿಸಬೇಕಲ್ಲ, ನಿಮ್ಮ ಅವ್ವ ಅವತ್ತು ಸ್ವಲ್ಪ ಗಟ್ಟಿಯಾಗಿ ನಿಂತಿದ್ದರೆ ನೀನು ಈಗ ಇದೇ ಊರಿನಲ್ಲಿ ಕಾಲೇಜಿನಲ್ಲಿ ಇರುತ್ತಿದ್ದೆ ಅಂದೆ.

ಆಕೆ ಕೂಸನ್ನು ಇನ್ನೊಂದು ಬಗಲಿಗೆ ಹಾಕಿಕೊಂಡಳು.

"ಯವ್ವನ ಮ್ಯಾಲ ನನಗ ಸಿಟ್ಟಿಲ್ರಿ ಟೀಚರ್," ಅಂದಳು. "ಆಕಿ ಹೊಸದಾಗಿ ಕಲ್ತಿದ್ಲು. ನಿಮಗ ಸಹಿ ಮೊದಲಿಂದ ಬರ್ತಿತ್ತಲ್ರಿ."

ತಿಂಥಣಿ ಕಡೆಯ ಬಸ್ಸು ಬಂತು. ಹೋಗಿ ಬರ್ತೀನ್ರಿ ಎಂದು ಹೇಳಿಯೇ ಹತ್ತಿದಳು. ಶಾಲೆ ಶುರುವಾದ ಮೊದಲ ಶನಿವಾರ, ನಾನು ಹನ್ನೆರಡರ ಬಸ್ಸಿಗೆ ಊರಿಗೆ ಹೋದೆ.