ಗೇರ್ ಆಯಿಲಿಗೆ ಡೀಸೆಲ್ ಬೆರೆಸಿದವನು ನಾನು

ಮರೀಗೌಡರ ಟಿಪ್ಪರಿನ ಡಿಫರೆನ್ಷಿಯಲ್ ಸುಟ್ಟುಹೋದದ್ದು ಸಮೀವುಲ್ಲಾ ಅವರ ಮರೆವಿನಿಂದಲ್ಲ. ಅದನ್ನು ಸುಟ್ಟವನು ನಾನು. ಸುಟ್ಟು, ಆ ತಪ್ಪನ್ನು ಅವರ ತಲೆಗೆ ಕಟ್ಟಿ, ಎಂಟು ವರ್ಷ ಪ್ರಾಮಾಣಿಕ ಮೆಕ್ಯಾನಿಕ್ ಎನ್ನಿಸಿಕೊಂಡು ತಿರುಗಿದವನೂ ನಾನೇ. ಕೋತಿ ತಾನು ಮೊಸರು ತಿಂದು ಮೇಕೆಯ ಬಾಯಿಗೆ ಒರೆಸಿತಂತೆ — ಈ ಗಾದೆಯನ್ನು ಯಾರಾದರೂ ನನ್ನೆದುರು ಹೇಳಿ ನಕ್ಕಾಗ ನಾನೂ ಜೊತೆಗೆ ನಗುತ್ತಿದ್ದೆ. ಥೂ, ನನ್ನ ಜನ್ಮಕ್ಕೆ.

ಪಾಂಡವಪುರದಲ್ಲಿ ನನ್ನದೊಂದು ಗ್ಯಾರೇಜಿದೆ. ಚಿನಕುರಳಿ ಕಡೆಯಿಂದ ಕಲ್ಲು ಹೊರುವ ಟಿಪ್ಪರುಗಳು, ಕಬ್ಬಿನ ಲಾರಿಗಳು, ಟ್ರಾಕ್ಟರುಗಳು ಬರುತ್ತವೆ. ಸಮೀ ಭಾಯ್ ಶ್ರೀರಂಗಪಟ್ಟಣದವರು, ನನಗಿಂತ ಹದಿನೈದು ವರ್ಷ ದೊಡ್ಡವರು. ಸ್ಪ್ಯಾನರ್ ಹಿಡಿಯುವುದನ್ನು ನನಗೆ ಕಲಿಸಿದವರೇ ಅವರು. ಶೆಡ್ಡು ನಮ್ಮಪ್ಪನ ಜಾಗದಲ್ಲಿದ್ದುದರಿಂದ ಬೋರ್ಡಿನ ಮೇಲೆ ನನ್ನ ಹೆಸರು. ಗಾಡಿಗಳು ಬರುತ್ತಿದ್ದುದು ಮಾತ್ರ ಅವರ ಹೆಸರಿಗೆ. ಇದು ನನಗೆ ಗೊತ್ತಿತ್ತು, ಒಳಗೊಳಗೇ ಕೊರೆಯುತ್ತಲೂ ಇತ್ತು — ಈಗ ಮುಚ್ಚಿಟ್ಟು ಏನು ಮಾಡಲಿ?

ಲಾರಿಯ ಹಿಂದಿನ ಚಕ್ರಗಳ ನಡುವೆ ದಪ್ಪನೆಯ ಗುಂಡು ಕಾಣುತ್ತದಲ್ಲ, ಅದೇ ಡಿಫರೆನ್ಷಿಯಲ್. ಅದರೊಳಗಿನ ಹಲ್ಲುಗಳು ಗೇರ್ ಆಯಿಲಿನಲ್ಲಿ ಮುಳುಗಿರಬೇಕು. ಆಯಿಲು ತುಂಬುವ ತೂತು ಇರುವುದು ಮಗ್ಗುಲಿನಲ್ಲಿ, ಗಾಡಿಯ ಹೊಟ್ಟೆಯ ಕೆಳಗೆ. ಮೇಲಿನಿಂದ ಸುರಿಯಲಾಗುವುದಿಲ್ಲ. ನಾವು ಪೈಪು ಸಿಕ್ಕಿಸಿ, ಆಲಿಕೆ ಎತ್ತಿ ಹಿಡಿದು, ಬೆಲ್ಲದ ಪಾಕದಂತಹ ಆ ಆಯಿಲು ಇಳಿಯುವವರೆಗೆ ಕತ್ತು ಸೊಟ್ಟಗೆ ಮಾಡಿಕೊಂಡು ಮಲಗಿರುತ್ತಿದ್ದೆವು. ಅರ್ಧ ಆಯಿಲು ಮೊಣಕೈಗೆ ಇಳಿಯುತ್ತಿತ್ತು. ತುಂಬಿದ ಮೇಲೆ ಸಮೀ ಭಾಯ್ ತೂತಿನೊಳಗೆ ಬೆರಳು ಮಡಿಸಿ ಹಾಕಿ ಮಟ್ಟ ನೋಡುತ್ತಿದ್ದರು. ಬೆರಳಿಗೆ ಹತ್ತಿದ ಆಯಿಲನ್ನು ಹೆಬ್ಬೆರಳಲ್ಲಿ ಉಜ್ಜಿ, ಹೂಂ ಎಂದ ಮೇಲೆಯೇ ಬೋಲ್ಟು ಬಿಗಿಯುವುದು. ಅವರ ಬೆರಳು ತಾಗದೆ ನಮ್ಮ ಶೆಡ್ಡಿನಿಂದ ಒಂದು ಗಾಡಿಯೂ ಹೊರಗೆ ಹೋಗುತ್ತಿರಲಿಲ್ಲ.

"ಮೈಸೂರಲ್ಲಿ ಇದುಕ್ಕೇ ಅಂತ ಪಂಪು ಸಿಗ್ತದೆ ಕಣ್ಲಾ ಜಯಣ್ಣ. ಗಟ್ಟಿ ಆಯಿಲ್ ಎಳೆಯೋದು. ಒಂದ್ ತಂದ್ಬುಡು," ಎಂದು ಅವರು ಹೇಳಿದ್ದರು. ನಾನು ಕೇಳಲಿಲ್ಲ. ಅಂಗಡಿಯಿಂದ ತಂದರೆ ನನ್ನ ಹೆಚ್ಚುಗಾರಿಕೆ ಏನು ಬಂತು? ಮನೆಯಲ್ಲಿ ಗದ್ದೆಗೆ ಔಷಧಿ ಹೊಡೆಯುವ, ಬೆನ್ನಿಗೆ ನೇತುಹಾಕಿಕೊಳ್ಳುವ ಹಳೆಯ ಪಂಪಿತ್ತು. ಅದನ್ನೇ ತೊಳೆದು, ದಪ್ಪ ಪೈಪು ಕೂರಿಸಿ, ತುದಿಗೆ ಬಗ್ಗಿದ ತಾಮ್ರದ ಕೊಳವೆ ಬೆಸೆದೆ. ಕಡುಬೇಸಿಗೆಯ ಮಧ್ಯಾಹ್ನ ಎಲ್ಲರೆದುರು ಹಿಡಿ ಒತ್ತಿದೆ. ಬಿಸಿಲಿಗೆ ಕಾದು ತೆಳ್ಳಗಾಗಿದ್ದ ಆಯಿಲು ಸಲೀಸಾಗಿ ಹೋಯಿತು. ಜನ ಹೊಗಳಿದರು. ಪಂಪು ಜಯಣ್ಣ ಎಂಬ ಹೆಸರೂ ಬಿತ್ತು. ಸಮೀ ಭಾಯ್ ಕೂಡ ಬೆನ್ನು ತಟ್ಟಿ, "ಭೇಷ್ ಕಣ್ಲಾ. ಚಳೀಲಿ ಏನ್ ಮಾಡ್ತದೋ ನೋಡವಾ," ಎಂದರು. ಆ ಕೊನೆಯ ಮಾತು ನನಗೆ ಹೊಟ್ಟೆಕಿಚ್ಚಿನಂತೆ ಕೇಳಿಸಿತು.

ಚಳಿ ಬಂತು. ಆಯಿಲು ಗಟ್ಟಿಯಾಯಿತು. ಹಿಡಿ ಒತ್ತಿದರೆ ಅಲ್ಲಾಡದು, ಒಳಗಿನ ವಾಷರು ಮಗುಚಿಕೊಂಡು ಬರುತ್ತಿತ್ತು. ಆಗಲೇ ಕೆ.ಆರ್. ಪೇಟೆಯಿಂದ ಇಬ್ಬರು ಮೆಕ್ಯಾನಿಕ್ಕುಗಳು, ಅಂಥದ್ದೇ ಒಂದನ್ನು ತಮಗೂ ಮಾಡಿಕೊಡು ಎಂದು, ನೋಡಲು ಬರುವವರಿದ್ದರು. ಈ ಪಂಪು ಗಟ್ಟಿ ಆಯಿಲಿಗೆ ಆಗುವುದಿಲ್ಲ ಎಂದು ಒಂದು ಮಾತು ಹೇಳಿದ್ದರೆ ಮುಗಿದಿತ್ತು. ಯಾರೂ ನನ್ನನ್ನು ಗಲ್ಲಿಗೆ ಹಾಕುತ್ತಿರಲಿಲ್ಲ. ಹೇಳಲಿಲ್ಲ. ಆಯಿಲಿಗೆ ಡೀಸೆಲ್ ಬೆರೆಸಿದೆ. ಪಂಪು ಬೆಣ್ಣೆಯಂತೆ ಓಡಿತು. ನೋಡಲು ಬಂದವರು ತಲೆದೂಗಿದರು. ಅಂದು ಎಲ್ಲರ ಕಣ್ಣೆದುರು ಹಾಗೆ ತುಂಬಿದ್ದು ಮರೀಗೌಡರ ಟಿಪ್ಪರಿಗೆ.

ಅದು ಶುಕ್ರವಾರ. ಶುಕ್ರವಾರವನ್ನು ಆರಿಸಿದ್ದೂ ನಾನೇ, ಬೇಕೆಂದೇ. ಮಧ್ಯಾಹ್ನದ ನಮಾಜಿಗೆ ಹೊರಡುವ ಅವಸರದಲ್ಲಿ ಸಮೀ ಭಾಯ್ ಆಯಿಲನ್ನು ಉಜ್ಜಿ ನೋಡಲಾರರು ಎಂಬ ಲೆಕ್ಕ. ಅವರು ಆಗಲೇ ಸೋಪು ಹಚ್ಚಿ ಕೈ ತೊಳೆದುಕೊಂಡಿದ್ದರು. ಆದರೂ ಬಂದು, ಬಿಳಿ ಜುಬ್ಬದ ತೋಳು ಮಡಿಸಿ, ಗಾಡಿಯ ಕೆಳಗೆ ಬಗ್ಗಿ ಬೆರಳು ಹಾಕಿದರು. ಮಟ್ಟ ಸರಿ ಇತ್ತು. ಬಟ್ಟೆಗೆ ಬೆರಳು ಒರೆಸಿ, ಬೋಲ್ಟು ಬಿಗಿದು, ಮತ್ತೆ ಕೈ ತೊಳೆದು ಹೋದರು. ಅಷ್ಟನ್ನೂ ನಾನು ಉಸಿರು ಬಿಗಿಹಿಡಿದು ನೋಡುತ್ತಿದ್ದೆ — ಅದಕ್ಕೇ ನನಗೆ ಅದು ಮರೆತಿಲ್ಲ.

ಒಂದೂವರೆ ತಿಂಗಳು ಕಳೆದಿತ್ತು. ಕಲ್ಲು ತುಂಬಿಕೊಂಡು ಹೋಗುತ್ತಿದ್ದ ಟಿಪ್ಪರಿನ ಹಿಂದಿನ ಚಕ್ರಗಳು ರಸ್ತೆಯಲ್ಲೇ ಹಿಡಿದುಕೊಂಡವು. ಗಾಡಿ ಎಳೆದಾಡಿ ಹಳ್ಳಕ್ಕೆ ವಾಲಿತು. ಡ್ರೈವರಿಗೆ ಮಂಡಿ ತರಚಿದ್ದು ಬಿಟ್ಟರೆ ಏನೂ ಆಗಲಿಲ್ಲ, ಅದು ಅವನ ಪುಣ್ಯ. ಶೆಡ್ಡಿಗೆ ಎಳೆತಂದು ಬಿಚ್ಚಿದೆವು. ಹಲ್ಲುಗಳು ನೀಲಿಗಟ್ಟಿದ್ದವು. ತೆಳ್ಳಗಿನ ಆಯಿಲು ಸೀಲಿನ ಸಂದಿಯಲ್ಲಿ ಸೋರಿಹೋಗಿ ಒಳಗೆ ತಳದಲ್ಲಿ ಒಂದಿಷ್ಟು ಉಳಿದಿತ್ತು, ಅದೂ ಸುಟ್ಟು ಕರಕಾಗಿತ್ತು. ನೋಡಿದವರಿಗೆ ಮೊದಲೇ ಆಯಿಲು ತುಂಬಿಲ್ಲ ಎಂದೇ ಅನ್ನಿಸಬೇಕು.

"ಯಾವನ್ಲಾ ಆಯಿಲ್ ಆಕ್ದೋನು? ಯಾವನ್ ನೋಡ್ದೋನು?" ಎಂದು ಮರೀಗೌಡರು ಕೂಗಿದರು. ಹತ್ತು ಜನ ಸೇರಿದ್ದರು. ಸಮೀ ಭಾಯ್ ನೀಲಿಗಟ್ಟಿದ ಹಲ್ಲನ್ನೇ ನೋಡುತ್ತಾ ನಿಂತಿದ್ದರು. ಆಗ ನಾನು ಆಡಿದ ಮಾತು ಇದು —

"ಬೆರ್ಳಾಕಿ ನೋಡೋದು ಸಾಬ್ರು ಕೆಲ್ಸ ಗೌಡ್ರೇ. ಅವತ್ತು ಸುಕ್ರವಾರ ಅಲ್ವಾ? ನಮಾಜಿಗೆ ಒತ್ತಾಯ್ತು ಅಂತ ಎದ್ದೋದ್ರು. ನೋಡಿದ್ರೋ, ಇಲ್ವೋ..."

ಅಷ್ಟೇ. ಪೂರ್ತಿ ಸುಳ್ಳನ್ನೂ ಹೇಳಲಿಲ್ಲ ನೋಡಿ, ಅಷ್ಟು ಜಾಣ ನಾನು. ಕೊನೆಯಲ್ಲಿ ಒಂದು ರಾಗ ಎಳೆದೆ. ಉಳಿದದ್ದನ್ನು ಸುತ್ತ ನಿಂತವರೇ ತುಂಬಿಕೊಂಡರು. ಅವರಲ್ಲಿ ಕೆಲವರು ಹೇಗೆ ತುಂಬಿಕೊಳ್ಳುತ್ತಾರೆ ಎಂಬುದು ನನಗೆ ಚೆನ್ನಾಗಿ ಗೊತ್ತಿತ್ತು, ಗೊತ್ತಿದ್ದೇ ಶುಕ್ರವಾರದ ಮಾತು ತೆಗೆದೆ. ಅಣ್ಣನಂತೆ ಕೆಲಸ ಕಲಿಸಿದವರ ದೇವರನ್ನು ಎಳೆತಂದು ನನ್ನ ಹೊಲಸಿನ ಮೇಲೆ ಮುಚ್ಚಿದೆ. ಹಿಂದಿನಿಂದ ಯಾರೋ, "ಇವ್ರುದು ಯಾವಾಗ್ಲೂ ಇದೇಯಾ," ಎಂದ. ನಾನು ಅಲ್ಲ ಎನ್ನಲಿಲ್ಲ. ಇಂದಿಗೂ ಆ ದನಿ ನೆನಪಾದರೆ ಹೇಸಿಗೆ ಬರುವುದು ಹೇಳಿದವನ ಮೇಲಲ್ಲ, ನನ್ನ ಮೇಲೆ.

ಸಮೀ ಭಾಯ್ ಜಗಳ ಆಡಲಿಲ್ಲ. ದಿನಕ್ಕೆ ಹತ್ತು ಗಾಡಿಗೆ ಬೆರಳು ಹಾಕುವವರಿಗೆ ಒಂದೂವರೆ ತಿಂಗಳ ಹಿಂದಿನ ಒಂದು ಗಾಡಿ ಹೇಗೆ ನೆನಪಿರಬೇಕು? ಎರಡು ದಿನ ಯೋಚಿಸಿದರು. ಮೂರನೆಯ ದಿನ ತಮ್ಮ ಸ್ಪ್ಯಾನರುಗಳನ್ನು ಚೀಲಕ್ಕೆ ಹಾಕಿಕೊಂಡು ಹೊರಟರು. ನಾನು ತಡೆಯಲಿಲ್ಲ.

ಇನ್ನೂ ಅಸಹ್ಯವಾದದ್ದಿದೆ. ಮುಂದಿನ ಶುಕ್ರವಾರಗಳಲ್ಲೂ ಹಾಗೆಯೇ ತುಂಬಿದ್ದ ಡೀಸೆಲ್ ಬೆರೆಸಿದ ಆಯಿಲು ಇನ್ನೂ ನಾಲ್ಕೈದು ಗಾಡಿಗಳಲ್ಲಿತ್ತು. ಅವುಗಳ ಮಾಲೀಕರನ್ನು ಕರೆಸಿ, "ಸಾಬ್ರು ಮಾಡಿರೋ ಕೆಲ್ಸ, ಯಾವುದುಕ್ಕೂ ಒಂದ್ಸಲ ಬಿಚ್ಚಿ ನೋಡ್ಬುಡ್ತೀನಿ," ಎಂದು ಆಯಿಲು ಬದಲಿಸಿಕೊಟ್ಟೆ. ಎಂಥ ನಿಯತ್ತಿನ ಮನುಷ್ಯ ಎಂದು ಊರು ನನ್ನನ್ನು ಕೊಂಡಾಡಿತು. ಔಷಧಿ ಪಂಪನ್ನು ಗುಜರಿಗೆ ಹಾಕಿ, ಮೈಸೂರಿಗೆ ಹೋಗಿ ಸಮೀ ಭಾಯ್ ಹೇಳಿದ್ದ ಪಂಪನ್ನೇ ತಂದೆ. ಚಳಿಯಲ್ಲೂ ಸೊಗಸಾಗಿ ಎಳೆಯುತ್ತದೆ.

ಹೋದ ತಿಂಗಳು ತಾಲ್ಲೂಕು ಕಚೇರಿ ಕೆಲಸಕ್ಕೆ ನಾಗಮಂಗಲಕ್ಕೆ ಹೋಗಿದ್ದೆ. ಬಸ್ ನಿಲ್ದಾಣದ ಹಿಂದಿನ ಪಂಕ್ಚರ್ ಅಂಗಡಿಯಲ್ಲಿ ಸಮೀ ಭಾಯ್ ಕೂತಿದ್ದರು. ಗಡ್ಡ ಪೂರ್ತಿ ಬೆಳ್ಳಗಾಗಿದೆ. ಒಂದು ಆಟೋದ ಚಕ್ರ ಹಾಕಿ ನಟ್ಟು ಬಿಗಿದರು. ಎದ್ದರು. ಮತ್ತೆ ಕೂತು ಅದೇ ನಟ್ಟುಗಳನ್ನು ಬಿಗಿದು ನೋಡಿದರು. ಆಟೋದವನು, "ಆಯ್ತಲ್ಲಾ ಬುಡಿ ಸಾಬ್ರೇ, ಎಷ್ಟ್ ಸಲ?" ಎಂದು ಗೊಣಗಿದ. ಮೂರನೆಯ ಸಲವೂ ನೋಡಿಯೇ ಬಿಟ್ಟರು. ಕಣ್ಣು ಮುಚ್ಚಿ ಎಂಜಿನ್ನಿನ ಸದ್ದಿನಲ್ಲೇ ರೋಗ ಹೇಳುತ್ತಿದ್ದ ಮನುಷ್ಯ.

ನನ್ನನ್ನು ಕಂಡು ಎದ್ದು ನಿಂತರು. ಟೀ ತರಿಸಿದರು. ಮೊದಲೆಲ್ಲ ಲೇ, ಕಣ್ಲಾ ಎನ್ನುತ್ತಿದ್ದವರು ನನ್ನನ್ನು ನೀವು ಎಂದರು. "ದೊಡ್ ಗಾಡಿ ಕೆಲ್ಸ ಮುಟ್ಟಾಕಿಲ್ಲ ಜಯಣ್ಣೋರೇ. ಕೈ ಮ್ಯಾಲೆ ಭರೋಸ ಓಗ್ಬುಡ್ತು. ಅವತ್ತು ಬೆರ್ಳಾಕಿ ನೋಡಿದ್ನೋ ಇಲ್ವೋ, ಖುದಾ ಕಸಂ, ಇವತ್ಗೂ ಗ್ಯಾಪ್ನ ಬರಾಕಿಲ್ಲ. ನಿಮ್ ಗ್ಯಾರೇಜಿನ್ ಎಸ್ರು ಕೆಡ್ಸ್‌ಬುಟ್ಟೆ. ಮಾಫ್ ಮಾಡ್ಬುಡಿ."

ನೀವು ನೋಡಿದ್ದಿರಿ ಭಾಯ್, ನಾನು ಕಣ್ಣಾರೆ ಕಂಡಿದ್ದೇನೆ — ಇಷ್ಟು ಹೇಳಬೇಕಿತ್ತು. ನಾಲಗೆಯ ತುದಿಯವರೆಗೆ ಬಂದಿತ್ತು ಎಂದರೆ ಅದೂ ಸುಳ್ಳೇ. ನಾನು ಅವರ ಟೀ ಕುಡಿದು, ಲೋಟ ಕೆಳಗಿಟ್ಟು, "ಓಗ್ಲಿ ಬುಡಿ ಭಾಯ್, ಮನ್ಸ ಅಂದ್ಮೇಲೆ ಅಂಗೇಯಾ," ಎಂದೆ. ಅವರನ್ನು ಕ್ಷಮಿಸಿದೆ! ಅವರ ಕಣ್ಣು ತುಂಬಿ ಬಂತು. ನಾನು ಬಸ್ಸು ಹತ್ತಿ ಕಿಟಕಿಯ ಪಕ್ಕ ಕೂತೆ.

ಮೊನ್ನೆ ಮರೀಗೌಡರ ಮನೆಗೆ ಹೋಗಿ ಎಲ್ಲ ಹೇಳಿದೆ. ಅವರು, "ಈಗ ಯಾಕ್ಲಾ ಕೆದುಕ್ತೀಯಾ? ಆಗಿದ್ದಾಯ್ತು ಬುಡು," ಎಂದರು. ಬಿಡುವುದು ಎಷ್ಟು ಸುಲಭ, ಅನುಭವಿಸುವವನು ಬೇರೆಯವನಾದಾಗ. ಅವತ್ತು ನಿಮ್ಮೆದುರು ಹೇಳಿದ್ದೆ, ಇವತ್ತೂ ನಿಮ್ಮೆದುರೇ ಹೇಳಬೇಕು, ನಾಗಮಂಗಲಕ್ಕೆ ಬನ್ನಿ ಎಂದೆ. ಬರುತ್ತಾರೋ ಇಲ್ಲವೋ ತಿಳಿಯದು. ಬರದಿದ್ದರೂ ಈ ಸೋಮವಾರ ನಾನು ಹೋಗುತ್ತೇನೆ. ಆ ಅಂಗಡಿಯ ಮುಂದೆ ಹತ್ತು ಜನ ಇರುವ ಹೊತ್ತು ನೋಡಿ, ಎಲ್ಲರಿಗೂ ಕೇಳುವಂತೆ, ಡೀಸೆಲಿನಿಂದ ಹಿಡಿದು ಆ ಟೀವರೆಗೆ ಹೇಳುತ್ತೇನೆ. ಉಗಿದರೆ ಒರೆಸಿಕೊಳ್ಳುವುದಿಲ್ಲ.

ಕ್ಷಮೆಯನ್ನು ಮಾತ್ರ ಕೇಳುವುದಿಲ್ಲ. ಕೇಳಿದರೆ ಅವರು ಕೊಟ್ಟುಬಿಡುತ್ತಾರೆ.